ಮೈಲಾರಪ್ಪನ ನಾಡಿ ಎಣಿಸಿದ ಮೇಡಂ

ಬಳ್ಳಾರಿಯ ಕಾಲೇಜೊಂದರಲ್ಲಿ ನಮಗೆ ಮನಃಶಾಸ್ತ್ರ ಕಲಿಸುತ್ತಿದ್ದ ಚನ್ನವೀರಮ್ಮ ಮೇಡಂ ಒಂದು ದಿನವೂ ಓಡಿದವರಲ್ಲ. ಬ್ರೂಸ್‌ಪೇಟೆಯ ಮನೆಯಿಂದ ಕಾಲೇಜಿಗೆ ನಡೆದು ಬರುವಷ್ಟರಲ್ಲೇ ಅವರಿಗೆ ಏದುಸಿರು. ಆದರೂ ೧೯೭೪ರಿಂದ ದಿನಾ ಸಂಜೆ ಮೈದಾನಕ್ಕೆ ಬರತೊಡಗಿದರು. ಅಭ್ಯಾಸದಲ್ಲಿ ಗೆಲ್ಲುವವರು ಪಂದ್ಯದ ದಿನ ಯಾಕೆ ಕಂಗಾಲಾಗುತ್ತಾರೆ ಎಂಬುದು ಅವರ ಸಂಶೋಧನೆ. ಆಟಕ್ಕೆ ಮುಂಚೆ ಒಬ್ಬೊಬ್ಬರ ನಾಡಿ ಎಣಿಸಿ, "ಈಗ ಮನಸಿನ್ಯಾಗ ಏನೈತಿ?" ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಸಹೋದ್ಯೋಗಿಗಳು 'ನಾಡಿ ವೈದ್ಯರು' ಎಂದು ನಗುತ್ತಿದ್ದರು. ಮೇಡಂ ತಾವೂ ನಗುತ್ತಿದ್ದರು, ಎಣಿಸುವುದನ್ನು ಮಾತ್ರ ಬಿಡಲಿಲ್ಲ.

ನನ್ನ ಸಹಪಾಠಿ ದುರುಗಮ್ಮ ಸಿರುಗುಪ್ಪದವಳು. ಎಂಟುನೂರು ಮೀಟರ್ ಓಟದ ಅಭ್ಯಾಸದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಪಂದ್ಯದ ದಿನ ಮಾತ್ರ ಕೊನೆಯ ಸುತ್ತಿನಲ್ಲಿ ಹಿಂದೆ ಬೀಳುತ್ತಿದ್ದಳು. ಮೇಡಂ ಮೂರು ವಾರ ಕೇಳಿದ ಮೇಲೆ ಬಾಯಿಬಿಟ್ಟಳು.

"ಅಪ್ಪ ಬಂದಿರ್ತಾನ್ರಿ. ಗೆರಿ ಪಕ್ಕ ನಿಂತು 'ಓಡಲೇ, ಓಡಲೇ' ಅಂತ ಒದರ್ತಾನ. ಆ ದನಿ ಕೇಳಿದ್ರ ಕಾಲು ಬರಂಗಿಲ್ರಿ."

ಭಾನುವಾರ ಮೇಡಂ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದರು. ಅವಳ ತಂದೆ ಮೈಲಾರಪ್ಪ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ವಿಷಯ ಕೇಳಿ ಸಿಡಿದೆದ್ದ.

"ಹೆಣ್ ಹುಡುಗಿ ಯಾಕ ಓಡಬೇಕು ಅಂತ ಎಲ್ರೂ ಅಂದಾಗ, ಓಡಲಿ ಅಂದಾಂವ ನಾನು! ನಾನ ನೋಡಾಕ ಬರಬಾರದೇನ್ರಿ?"

ಅವನ ಮಾತು ನಿಜವಾಗಿತ್ತು. "ಬರ್ರಿ, ಬ್ಯಾಡ ಅನ್ನಂಗಿಲ್ಲ" ಎಂದಷ್ಟೇ ಹೇಳಿ ಮೇಡಂ ವಾಪಸಾದರು.

ಆ ವರ್ಷದ ಕ್ರೀಡಾಕೂಟ ಕುರುಗೋಡಿನಲ್ಲಿ ನಡೆಯಿತು. ಓಟಕ್ಕೆ ಮುಂಚೆ ಮೇಡಂ ದುರುಗಮ್ಮನ ನಾಡಿ ಎಣಿಸಿದರು, ತೊಂಬತ್ತಾರು. ಪಕ್ಕದಲ್ಲೇ ಮೈಲಾರಪ್ಪ ಟವೆಲ್ ಹಿಂಡುತ್ತ ನಿಂತಿದ್ದ. ಏನನ್ನಿಸಿತೋ, ಅವನ ಕೈಯನ್ನೂ ಹಿಡಿದರು. ನೂರಾ ಇಪ್ಪತ್ತೆಂಟು!

"ಮೈಲಾರಪ್ಪನೋರ, ಓಡೋರು ನೀವೋ, ಮಗಳೋ?"

ಅವನು ನೆಲದ ಮೇಲೆ ಕುಳಿತುಬಿಟ್ಟ. "ಅಕಿ ಸೋತ್ರ ಊರ ಮಂದಿ ಮುಂದ ತಲಿ ತಗ್ಗಿಸ್ಬೇಕಾಗ್ತೈತಿ ಅಂತ ನನಗ ಅಂಜಿಕಿರಿ. ಅದಕ್ಕ ಒದರ್ತೀನಿ."

ಅಪ್ಪನದು ಸಿಟ್ಟು ಎಂದೇ ಇಷ್ಟು ದಿನ ತಿಳಿದಿದ್ದ ದುರುಗಮ್ಮ ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. "ನೀನೂ ಅಂಜತೀಯೇನಪಾ?" ಎಂದು ನಕ್ಕಳು.

ಮೇಡಂ ತಮ್ಮ ಸ್ಟಾಪ್‌ವಾಚನ್ನು ಅವನ ಕೈಗಿಟ್ಟರು. "ಪಿಸ್ತೂಲು ಹಾರಿದಾಗೊಮ್ಮೆ ಒತ್ರಿ, ಅಕಿ ಗೆರಿ ದಾಟಿದಾಗೊಮ್ಮೆ ಒತ್ರಿ. ಕಣ್ಣು ಅದರ ಮ್ಯಾಲ ಇರಲಿ."

ಮೈಲಾರಪ್ಪ ಗಡಿಯಾರವನ್ನು ಎರಡೂ ಕೈಯಲ್ಲಿ ಹಿಡಿದು ತುಟಿ ಬಿಗಿದು ನಿಂತ. ಒಂದು ಸದ್ದಿಲ್ಲ. ಕೊನೆಯ ಸುತ್ತಿನಲ್ಲಿ ದುರುಗಮ್ಮ ಹಿಂದೆ ಬೀಳಲಿಲ್ಲ. ಕೂದಲೆಳೆಯ ಅಂತರದಲ್ಲಿ ಎರಡನೆಯವಳಾಗಿ ಗೆರೆ ದಾಟಿದಳು. ಮೈಲಾರಪ್ಪ ಟವೆಲ್ ಅಲ್ಲೇ ಬಿಟ್ಟು ಮಗಳ ಕಡೆಗೆ ಓಡಿದ.

ಮೇಡಂ ಮುಂದಿನ ವರ್ಷದಿಂದ ಆಟಗಾರರ ಮನೆಯವರ ನಾಡಿಯನ್ನೂ ಎಣಿಸತೊಡಗಿದರು. ಧಾರವಾಡದ ವಿಚಾರ ಸಂಕಿರಣದಲ್ಲಿ ಈ ಸಂಶೋಧನೆಯ ಪ್ರಬಂಧವನ್ನು ಅವರು ಓದಿದಾಗ ನಾನೂ ಸಭೆಯಲ್ಲಿದ್ದೆ. ಹಿರಿಯ ಪ್ರಾಧ್ಯಾಪಕರೊಬ್ಬರು, ಕುರುಗೋಡಿನ ಓಟದ ಸಮಯ ಯಾಕೆ ನಮೂದಾಗಿಲ್ಲ ಎಂದು ಆಕ್ಷೇಪಿಸಿದರು.

"ವಾಚ್ ಹಿಡಿದವರು ಒತ್ತುವುದನ್ನು ಮರೆತರು ಸರ್," ಎಂದರು ಮೇಡಂ. "ಅಳುತ್ತಿದ್ದರು."