ಪೈಪಿನ ಮೇಲೆ ಮೂರು ಬಡಿತ

ಫ್ಯಾಕ್ಸ್ ಯಂತ್ರ ಕಂಡರೆ ನನಗೆ ಈಗಲೂ ಹೆದರಿಕೆ. ಅಂಚೆಗೆ ಹಾಕಿದ ಕಾಗದ ಕೈಬಿಟ್ಟು ಹೋಗುತ್ತದೆ. ಫ್ಯಾಕ್ಸ್ ಮಾಡಿದ ಕಾಗದ ನಮ್ಮ ಕೈಯಲ್ಲೇ ಉಳಿಯುತ್ತದೆ. ಅದು ಹೋಯಿತೆಂದು ನಾವೇ ನಂಬಬೇಕು.

ಸೌದಿಯ ಜಿಜಾನ್‌ನಲ್ಲಿ ನಾನು ಜಿದ್ದಾದ ಕಂಪೆನಿಯೊಂದರ ಮಾರಾಟ ಪ್ರತಿನಿಧಿಯಾಗಿದ್ದೆ, ಮನೆಯೇ ಕಚೇರಿ. ನನ್ನ ಟೆಲಿಫೋನ್ ಲೈನಿನ ಇಂಟರ್ನೆಟ್ಟನ್ನು ಮೇಲಿನ ಮನೆಯ ಆಯಿಷಾ ಮತ್ತು ಅವಳ ಗಂಡ ಹಂಚಿಕೊಂಡಿದ್ದರು. ನನ್ನ ಮನೆಯಲ್ಲಿದ್ದ ಮೋಡೆಮ್ ಲೈನಿಗೆ ಸಿಕ್ಕಿಸಿದ್ದರೆ ಫ್ಯಾಕ್ಸ್ ಅರ್ಧದಲ್ಲೇ ಕಿರುಚಿ ನಿಲ್ಲುತ್ತಿತ್ತು. ಅದಕ್ಕೊಂದು ಪದ್ಧತಿ ಮಾಡಿಕೊಂಡಿದ್ದೆವು: ನಾನು ನೀರಿನ ಪೈಪಿಗೆ ಸೌಟಿನಿಂದ ಮೂರು ಸಲ ಬಡಿಯುವುದು, ಮೇಲಿನಿಂದ ಒಂದು ಬಡಿತ ಬಂದರೆ ನಾನು ಮೋಡೆಮ್ ಕೀಳುವುದು, ಎರಡು ಬಂದರೆ ಕಾಯುವುದು.

ಅಂದು ನನ್ನ ಇಕಾಮಾದ, ಅಂದರೆ ವಾಸದ ಪರವಾನಗಿಯ, ಕೊನೆಯ ದಿನ. ಸಹಿ ಮಾಡಿದ ಅರ್ಜಿ ಹನ್ನೊಂದರೊಳಗೆ ಜಿದ್ದಾ ತಲುಪಬೇಕು, ಅದೂ ಫ್ಯಾಕ್ಸಿನಲ್ಲೇ. ಅವಧಿ ಮುಗಿದ ಇಕಾಮಾ ಜೇಬಿನಲ್ಲಿಟ್ಟುಕೊಂಡು ಖುಬ್ಬೂಸ್ ರೊಟ್ಟಿ ತರಲು ಹೋದವರು ಪೊಲೀಸರ ಕೈಗೆ ಸಿಕ್ಕಿ ನೇರ ಮಂಗಳೂರಲ್ಲಿ ಇಳಿದ ಕಥೆಗಳನ್ನು ಕೇಳಿದ್ದೆ. ಮೂರು ಬಡಿದೆ. ಎರಡು ಬಂತು. ಒಂದೇ ಬಂದದ್ದು ಎಂದು ನೆನಪು ಎಷ್ಟೋ ಸಲ ನನ್ನ ಪರ ವಾದಿಸಿದೆ. ಅಲ್ಲ, ಎರಡೇ. ಆದರೂ ಕಿತ್ತೆ.

ಹಾಳೆ ಸರ್ರನೆ ಒಳಗೆ ಹೋಯಿತು, 'ಓಕೆ' ಎಂಬ ಚೀಟಿ ಬಂತು. ಮೋಡೆಮ್ ಮತ್ತೆ ಸಿಕ್ಕಿಸಿದೆ. ಹಿಂದೆಯೇ ಜಿದ್ದಾ ಕಚೇರಿಯ ಹೈದರಾಬಾದಿ ಗುಮಾಸ್ತನ ಫೋನು: "ಅರೇ ಭಾಯ್, ಕೋರಾ ಕಾಗಜ್ ಭೇಜಾ! ಯಲ್ಲಾ, ಜಲ್ದಿ!" ಹಾಳೆಯನ್ನು ಮಗುಚಿ ಇಟ್ಟಿದ್ದೆ. ಜಿದ್ದಾ ತಲುಪಿದ್ದು ಅರ್ಜಿಯ ಖಾಲಿ ಬೆನ್ನು.

ಈ ಸಲ ಸೌಟು ಹಿಡಿಯಲು ಧೈರ್ಯ ಬರಲಿಲ್ಲ, ಮೆಟ್ಟಿಲು ಹತ್ತಿದೆ. ಆಯಿಷಾ ಹೊಸ ಬಟ್ಟೆ ತೊಟ್ಟು, ಕೈಗೆ ಮದರಂಗಿ ಹಚ್ಚಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಬಂಟ್ವಾಳದಲ್ಲಿ ಅವಳ ತಮ್ಮನ ನಿಕಾಹ್; ಅವನು 'ಕಬೂಲ್' ಎಂದು ಒಪ್ಪಿಗೆ ಹೇಳುವುದನ್ನು ಅದರಲ್ಲಿ ನೋಡಲು ಕಾದಿದ್ದವಳು.

"ಎಂತ ಅಣ್ಣಾ, ಎರಡು ಬಡಿದದ್ದು ಕೇಳ್ಲಿಲ್ವಾ? ಅವ ಕಬೂಲ್ ಹೇಳ್ಲಿಕ್ಕೆ ಬಾಯಿ ತೆರೆದ, ನೀವು ಕಿತ್ತಿರಿ!"

ಇನ್ನೊಮ್ಮೆ ಕೀಳಬೇಕು ಎಂದೆ. ಇಕಾಮಾ ಎಂದೆ.

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ಕೀಳಿ ಮಾರಾಯ್ರೆ. ಇನ್ನೆಂತ ಉಂಟು ನೋಡ್ಲಿಕ್ಕೆ, ಅವರು ಬಿರಿಯಾನಿ ತಿನ್ನುದಾ? ಈ ಸಲ ಆದ್ರೂ ಕಾಗದ ಸರಿ ಇಡಿ."

ಸರಿ ಇಟ್ಟೆ. ಇಕಾಮಾ ನವೀಕರಣವಾಯಿತು, ಪೊಲೀಸರ ಭಯ ಹೋಯಿತು. ಆದರೆ ಅಂದಿನಿಂದ ಮೆಟ್ಟಿಲಲ್ಲಿ ಆಯಿಷಾ ಎದುರಾಗುವ ಭಯ ಹಿಡಿಯಿತು. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ನಕ್ಕು, "ಇವತ್ತು ಫ್ಯಾಕ್ಸ್ ಉಂಟಾ ಅಣ್ಣಾ?" ಎಂದು ಕೇಳುತ್ತಿದ್ದಳು. ಇದ್ದರೂ ಇಲ್ಲವೆಂದು ಹೇಳಿ, ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಫ್ಯಾಕ್ಸ್ ಕಳಿಸಲು ಬಿಸಿಲಲ್ಲಿ ಪೇಟೆಯ ಜೆರಾಕ್ಸ್ ಅಂಗಡಿಗೆ ನಡೆಯುತ್ತಿದ್ದೆ.