ಬಿಟ್ಟ ನಾಲ್ಕು ಮನೆ

ನನ್ನ ಮಗಳು ಜೆ.ಪಿ. ನಗರದ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ವ್ಯಾಪಾರ ಮಾಡುವವರಿಗೂ ನೀತಿ ಇರಬೇಕು, ನೆಲ ನೀರು ಕೆಡಿಸಬಾರದು, ಅದರಿಂದ ನಾಲ್ಕು ಬಡವರಿಗೆ ಅನ್ನ ಹುಟ್ಟಬೇಕು. ಅವಳ ಪಾಠ ಇಷ್ಟು. ಇದನ್ನೂ ಹೇಳಿಕೊಡಬೇಕಾ ಅಂತ ಕೇಳಿದ್ದೆ. ಹೇಳಿಕೊಡದಿದ್ದರೆ ಯಾರಿಗೂ ನೆನಪೇ ಬರುವುದಿಲ್ಲ ಅಂದಳು. ನಾನು ಮಿಡ್ಲ್ ಸ್ಕೂಲಿನ ಬಾಗಿಲು ನೋಡಿದವಳಲ್ಲ. ಅವಳು ಸಂಜೆ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ಹೇಳಿಕೊಳ್ಳುವುದನ್ನು ಕೇಳಿ ನನಗೆ ಗೊತ್ತಾದದ್ದು ಇದು.

ಆ ಪಾಠಕ್ಕೆ ಪರೀಕ್ಷೆಯ ಬದಲು ಒಂದು ಪ್ರಾಜೆಕ್ಟು. ಹುಡುಗರು ಗುಂಪು ಗುಂಪಾಗಿ ಯಾರಾದರೂ ಬಡವರನ್ನು ಹುಡುಕಿ ಅವರ ಕೈಲಿ ಒಂದು ವ್ಯಾಪಾರ ಶುರು ಮಾಡಿಸಬೇಕು. ಒಂದು ಗುಂಪಿಗೆ ಯಾರೂ ಸಿಗಲಿಲ್ಲ. ಮಗಳು ನಮ್ಮ ಮನೆಗೆ ಪಾತ್ರೆ ತಿಕ್ಕಲು ಬರುತ್ತಿದ್ದವಳನ್ನು ತೋರಿಸಿದಳು. ಗಂಡ ಸತ್ತವಳು, ಹೈಸ್ಕೂಲಿಗೆ ಹೋಗುವ ಮಗಳಿದ್ದಾಳೆ. ನಮ್ಮದು ಸೇರಿ ಕುಮಾರಸ್ವಾಮಿ ಲೇಔಟ್‌ನ ಇದೇ ರಸ್ತೆಯಲ್ಲಿ ಅವಳಿಗೆ ನಾಲ್ಕು ಮನೆ. ಕಡಲೆಕಾಯಿ ಚಟ್ನಿಪುಡಿ ಚೆನ್ನಾಗಿ ಮಾಡುತ್ತಿದ್ದಳು, ಹಬ್ಬಕ್ಕೆ ಒಂದೊಂದು ಡಬ್ಬಿ ತಂದು ಕೊಡುತ್ತಿದ್ದಳು.

ಹುಡುಗರು ಅವಳ ಫೋಟೊ ತೆಗೆದರು. ಅವಳ ಮುಖ ಅಚ್ಚು ಹಾಕಿಸಿದ ಲೇಬಲ್ ಮಾಡಿಸಿದರು. ಪ್ಲಾಸ್ಟಿಕ್ ಮುಟ್ಟಿದರೆ ಮಾರ್ಕ್ಸ್ ಹೋಗುತ್ತದೆಂದು ಕಂದು ಕಾಗದದ ಕವರು. ಅದರಲ್ಲಿ ಪುಡಿ ಹಾಕಿಟ್ಟರೆ ಎರಡು ವಾರಕ್ಕೆ ಎಣ್ಣೆ ಹೊರಗೆ ಬಂದು ಅವಳ ಮುಖದ ಮೇಲೇ ಕಲೆ. ಆದರೂ ಬಿಟಿಎಂ ಲೇಔಟ್‌ನ ಪಿ.ಜಿ. ಹಾಸ್ಟೆಲ್‌ಗಳಿಗೆ ಹೋಯಿತು, ಊಟ ಸಪ್ಪೆ ಅನ್ನುವ ಮಕ್ಕಳು ಕೊಂಡರು.

ಅರ್ಧ ದಾರಿಯಲ್ಲಿ ಗುಂಪುಗಳ ಕೆಲಸ ನೋಡಿ ಮಗಳು ಒಂದೊಂದು ಮಾತು ಹೇಳಬೇಕಿತ್ತು. ಈ ಗುಂಪಿಗೆ ಅವಳು ಹೇಳಿದ್ದು, ಆ ಹೆಂಗಸು ಇನ್ನೂ ನಾಲ್ಕು ಮನೆ ಪಾತ್ರೆ ತಿಕ್ಕುತ್ತಿದ್ದರೆ ಇದು ಉದ್ಯಮವಲ್ಲ, ನಿಮ್ಮ ಹವ್ಯಾಸ. ತಪ್ಪೇನಿಲ್ಲ, ಪಾಠದ ಪ್ರಕಾರ ಸರಿಯಾದ ಮಾತೇ. ಹುಡುಗರು ಅದನ್ನು ನೇರವಾಗಿ ಒಯ್ದು ಅವಳಿಗೆ ಮುಟ್ಟಿಸಿದರು. ಮೇಡಂ ಹೇಳಿದ್ದಾರೆ, ಮನೆ ಕೆಲಸ ಬಿಟ್ಟುಬಿಡಿ, ಇನ್ನು ನೀವು ಓನರ್.

ಅವಳು ಬಿಟ್ಟಳು. ನಮ್ಮ ಮನೆಯನ್ನು ಕೊನೆಗೆ ಬಿಟ್ಟಳು. ಬಂದು ನನ್ನ ಕಾಲು ಮುಟ್ಟಿ, "ಅಕ್ಕ ಹೇಳಿದ್ಮೇಲೆ ಇನ್ನೇನು ಯೋಚ್ನೆ ಅಜ್ಜಿ" ಅಂದಳು. ಮಗಳು ಅವತ್ತು ಮನೆಯಲ್ಲಿರಲಿಲ್ಲ. ರಾತ್ರಿ ವಿಷಯ ಕೇಳಿ, ಒಳ್ಳೇದೇ ಅಲ್ವಾ ಅಂದಳು. ಕಾಲೇಜಿನಲ್ಲಿ ಸ್ಟಾಲ್ ಹಾಕಿದ ದಿನ ಎಲ್ಲ ಕವರೂ ಖಾಲಿಯಾದವು. ಹೊರಗಿನಿಂದ ಬಂದ ತೀರ್ಪುಗಾರರು ಆ ಗುಂಪಿಗೇ ಮೊದಲ ಬಹುಮಾನ ಕೊಟ್ಟರು. ಅವಳಿಗೆ ಶಾಲು ಹೊದಿಸಿದರು.

ಆಮೇಲೆ ಸೆಮಿಸ್ಟರ್ ಮುಗಿಯಿತು. ಹುಡುಗರಿಗೆ ಕಂಪನಿಗಳ ಇಂಟರ್‌ವ್ಯೂ ಶುರುವಾಯಿತು. ಆರ್ಡರು ಹಿಡಿಯುವವರು ಅವರು, ಸ್ಕೂಟರಿನಲ್ಲಿ ಒಯ್ಯುವವರು ಅವರು. ವಾಟ್ಸಾಪ್ ಗುಂಪಿನಲ್ಲಿ ಒಬ್ಬೊಬ್ಬರೇ ಉತ್ತರ ಕೊಡುವುದನ್ನು ನಿಲ್ಲಿಸಿದರು. ಅವಳೇ ಒಂದು ತಿಂಗಳು ಚೀಲ ಹೊತ್ತು ಪಿ.ಜಿ.ಗಳ ಗೇಟಿಗೆ ಅಲೆದಳು. ವಾಚ್‌ಮನ್‌ಗಳು ಒಳಗೆ ಬಿಡಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ಮನೆ ವಾಪಸ್ ಕೇಳಿದಳು. ಉಳಿದ ಮೂರು ಮನೆಯಲ್ಲಿ ಆಗಲೇ ಕೇಳಿಯಾಗಿತ್ತು. ಎರಡು ಕಡೆ ಬೇರೆಯವರು ಸೇರಿದ್ದರು. ಮೂರನೆಯವರು, ನೀನು ಈಗ ಓನರ್ ಅಲ್ವೇನಮ್ಮಾ, ನಾಳೆ ಮತ್ತೆ ಬಿಟ್ಟು ಹೋಗ್ತೀಯ ಅಂದು ಬಾಗಿಲು ಹಾಕಿಕೊಂಡಿದ್ದರು. ನಮ್ಮ ಮನೆಯಲ್ಲೂ ಬೇರೆಯವಳು ಬಂದಿದ್ದಳು. ಉತ್ತರಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು, ಅವಳಿಗೂ ಮಕ್ಕಳಿದ್ದಾರೆ. ಆಗ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಇವಳ ದನಿ ಕೇಳಿದ್ದೇ ತಿಕ್ಕುವ ಸದ್ದು ನಿಂತಿತು.

ಮಗಳು ನನ್ನ ಮುಖ ನೋಡಿದಳು. ಇಬ್ಬರನ್ನೂ ಇಟ್ಟುಕೊಳ್ಳೋಣ, ಒಬ್ಬಳು ಬೆಳಿಗ್ಗೆ ಒಬ್ಬಳು ಸಂಜೆ, ಅಂತ ಶುರುಮಾಡಿದಳು. ಇರುವುದು ಮೂರು ಜನ, ನಾನು, ಮಗಳು, ಮೊಮ್ಮಗಳು. ಮೂರು ತಟ್ಟೆ ತೊಳೆಯಲು ಇಬ್ಬರೇ? ಅರ್ಧರ್ಧ ಕೊಟ್ಟರೆ ಇಬ್ಬರಿಗೂ ಸಾಲುವುದಿಲ್ಲ. ಆಗುವುದಿಲ್ಲ ಅಂತ ನಾನೇ ಹೇಳಿದೆ. ಯಾರಾದರೂ ಹೇಳಲೇಬೇಕಿತ್ತು.

"ಅವ್ಳನ್ನ ಬಿಡಿಸಿದ್ರೆ ಅವ್ಳೆಲ್ಲಿಗೆ ಹೋಗ್ಬೇಕು?" ಅಂದೆ.

"ನಾನು ಹೋದ ಕಡೆಗೇ ಹೋಗ್ಲಿ ಅಜ್ಜಿ," ಅಂದಳು. "ಅಕ್ಕನ ಹತ್ರ ಇನ್ನೂ ಹುಡುಗ್ರು ಇದಾರಲ್ಲ."

ಅವಳು ಚಪ್ಪಲಿ ಮೆಟ್ಟಿಕೊಂಡು ಹೋಗುವವರೆಗೂ ಮಗಳು ಬಾಗಿಲಲ್ಲೇ ನಿಂತಿದ್ದಳು. ನಾನು ಒಳಗೆ ಹೋಗಿ ಹೊಸಬಳಿಗೆ ಕಾಫಿ ಕೊಟ್ಟೆ. ಲೋಟ ಹಿಡಿದ ಅವಳ ಕೈಯಿಂದ ಸೋಪಿನ ನೊರೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಮಗಳು ಕಾಲೇಜಿನಲ್ಲಿ ಕೇಳಿ ನೋಡಿದಳು. ಹುಡುಗರು ಕೆಲಸಕ್ಕೆ ಸೇರಿದ ಮೇಲೂ ಒಂದು ವರ್ಷ ವ್ಯಾಪಾರ ನಡೆಸಿಕೊಡಲಿ, ಇಲ್ಲವಾದರೆ ಈ ಪ್ರಾಜೆಕ್ಟೇ ಬೇಡ ಅಂದಳಂತೆ. ಮಾರ್ಕ್ಸ್ ಕೊಟ್ಟಾಗಿದೆ ಮೇಡಂ, ಅವರು ಈಗ ನಮ್ಮ ಸ್ಟೂಡೆಂಟ್ಸೇ ಅಲ್ಲ ಅಂದರಂತೆ ಮೇಲಿನವರು. ಕೆಲಸ ಬಿಡ್ತೀಯಾ ಅಂತ ಕೇಳಿದೆ. ನಾನು ಬಿಟ್ಟರೆ ಅವಳಿಗೇನು ಬರುತ್ತೆ ಅಂದಳು. ಅದೂ ನಿಜ.

ಹೊಸ ಹುಡುಗರು ಬಂದರು. ಈ ಸಲ ಮಗಳು ಪಾಠದ ಮೊದಲ ದಿನವೇ ಆ ಚಟ್ನಿಪುಡಿಯವಳನ್ನು ಕ್ಲಾಸಿಗೆ ಕರೆಸಿದಳು. ಏನಾಯಿತು ಅಂತ ಅವಳ ಬಾಯಲ್ಲೇ ಕೇಳಲಿ ಅಂತ. ಒಬ್ಬಳೇ ಬರಲು ಸಂಕೋಚ ಅಂದದ್ದಕ್ಕೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ತಣ್ಣನೆ ರೂಮು. ಅವಳು ಮೈಕು ಬೇಡ ಅಂದಳು. ಮನೆ ಬಿಟ್ಟದ್ದು, ಗೇಟುಗಳಿಗೆ ಅಲೆದದ್ದು, ತನ್ನ ಮಗಳು ಈಗ ಸ್ಕೂಲು ಬಿಟ್ಟು ಗಾರ್ಮೆಂಟ್ಸ್‌ನಲ್ಲಿ ದಾರ ಕತ್ತರಿಸಲು ಹೋಗುತ್ತಿರುವುದು, ಎಲ್ಲ ಹೇಳಿದಳು. ಹುಡುಗರು ಬರೆದುಕೊಂಡರು.

ಮುಂದಿನ ಸಾಲಿನ ಹುಡುಗ ಎದ್ದು, ಈ ಫೇಲ್ಯೂರ್‌ನಿಂದ ನೀವೇನು ಕಲಿತಿರಿ ಆಂಟಿ ಅಂತ ಕೇಳಿದ. ಅವಳಿಗೆ ಪ್ರಶ್ನೆ ತಿಳಿಯಿತೋ ಇಲ್ಲವೋ.

"ನಿಮ್ಮಲ್ಲಿ ಯಾರ್ದಾದ್ರೂ ಮನೆ ಇಲ್ಲೇ ಹತ್ರ ಇದ್ರೆ ಹೇಳಿ," ಅಂದಳು. "ಪಾತ್ರೆ, ಬಟ್ಟೆ, ನೆಲ ಎಲ್ಲ ಮಾಡ್ತೀನಿ. ಈ ಸಲ ಬಿಟ್ಟೋಗಲ್ಲ."

ಯಾರೋ ಚಪ್ಪಾಳೆ ಹೊಡೆದರು, ಉಳಿದವರೂ ಹೊಡೆದರು. ಮಗಳು ಬೋರ್ಡಿನ ಕಡೆ ತಿರುಗಿಕೊಂಡಳು.

ಹೊರಗೆ ಬಂದು ಲಿಫ್ಟಿಗೆ ಕಾಯುತ್ತಿದ್ದಾಗ ಒಬ್ಬ ಹುಡುಗಿ ಓಡಿ ಬಂದಳು. ನಿಮ್ಮ ನಂಬರು ಕೊಡಿ ಅಂದಳು. ಇವಳು ಒಂದೊಂದೇ ಅಂಕಿ ನಿಧಾನವಾಗಿ ಹೇಳಿ, ಅವಳು ಬರೆದದ್ದು ಸರಿಯೋ ಅಂತ ತಿರುಗಿ ಓದಿಸಿದಳು. ಆಮೇಲೆ ಮನೆ ಎಲ್ಲಿ ಬರುತ್ತೆ, ಬನಶಂಕರಿಯಾ, ಜಯನಗರವಾ ಅಂತ ಕೇಳಿದಳು. ಹುಡುಗಿ ಕೆಂಪಾದಳು. "ಮನೆಗಲ್ಲ ಆಂಟಿ. ನಮ್ಮ ಟೀಮ್‌ಗೆ. ಚಟ್ನಿಪುಡಿನೇ, ಈ ಸಲ ಗಾಜಿನ ಬಾಟ್ಲಲ್ಲಿ."

ಮಗಳು ಕ್ಲಾಸಿನ ಬಾಗಿಲಿಗೆ ಬೀಗ ಹಾಕಿ ನಮ್ಮ ಹಿಂದೆಯೇ ಬಂದಿದ್ದಳು. ಎಲ್ಲ ಕೇಳಿಸಿಕೊಂಡಳು. ಬೇಡ ಅನ್ನಲು ಬಾಯಿ ತೆರೆದಳು, ಆದರೆ ಬೇಡ ಅಂದಮೇಲೆ ಬೇರೇನಾದರೂ ಕೊಡಬೇಕು. ಅವಳ ಕೈಲಿ ಕೊಡಲು ಏನೂ ಇರಲಿಲ್ಲ.

"ಎಷ್ಟು ತಿಂಗ್ಳಿಗೆ?" ಅಂತ ಕೇಳಿದಳು ಇವಳು.

ಹುಡುಗಿ ಸೆಮಿಸ್ಟರ್ ಮುಗಿಯುವವರೆಗೆ ಅಂದಳು. ಇವಳು ಆಯ್ತು ಅಂದಳು.