ಬೋರಯ್ಯನ ಕಣದಲ್ಲಿ ಈಜು

ಗಂಜಾಂನ ಅಕ್ಕಸಾಲಿಗ ಸುಬ್ರಹ್ಮಣ್ಯಾಚಾರಿಯ ಮಗಳು ವೀಣ ಈಜು ಕಲಿತದ್ದು ಕಾವೇರಿಯಲ್ಲಿ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು, ಅಪ್ಪನ ಕಣ್ಣು ತಪ್ಪಿಸಿ. ಅಪ್ಪನಿಗೆ ಕುಲುಮೆ ಬಿಟ್ಟರೆ ಬೇರೆ ಲೋಕವಿಲ್ಲ. ಹೆಣ್ಣುಮಗು ಹೊಳೆಗಿಳಿಯುವುದು ಸುತರಾಂ ಇಷ್ಟವಿಲ್ಲ. ಬೈಯಲಿಲ್ಲ, ನಿಜ, ಆದರೆ ಒಂದು ದಿನವೂ ದಡಕ್ಕೆ ಬಂದು ನೋಡಲೂ ಇಲ್ಲ. ಹೈಸ್ಕೂಲಿನಲ್ಲಿ ವೀಣ ಒಬ್ಬಳೇ ಈಜಿ ಬಹುಮಾನಗಳನ್ನು ತಂದಳು. ನಾಲ್ವರು ಸರದಿಯಲ್ಲಿ ಈಜುವ ರಿಲೇ ಮಾತ್ರ ಅವಳ ಹಣೆಯಲ್ಲಿ ಬರೆದಿರಲಿಲ್ಲ. ತಾಲ್ಲೂಕೆಲ್ಲ ಜಾಲಾಡಿದರೂ ಆಗ ಈಜು ಬರುವ ನಾಲ್ಕು ಹುಡುಗಿಯರು ಸಿಗುತ್ತಿರಲಿಲ್ಲ. ಮದುವೆಯಾಯಿತು, ಕೂದಲು ಅಲ್ಲಲ್ಲಿ ಬೆಳ್ಳಗಾಯಿತು, ಆ ಆಸೆ ಮಾತ್ರ ಆರಲಿಲ್ಲ.

ಹಾಗಾಗಿ ಊರ ಹತ್ತಿರದ ಈಜುಕೊಳದಲ್ಲಿ ಮಕ್ಕಳಿಗೆ ತರಬೇತಿ ಕೊಡುವ ಕೆಲಸ ಸಿಕ್ಕಿದಾಗ ಅವಳು ಮೊದಲು ಕಟ್ಟಿದ್ದೇ ಹುಡುಗಿಯರ ರಿಲೇ ತಂಡ: ದಿವ್ಯ, ಚಿನ್ನು, ಯಶಸ್ವಿನಿ, ಮೇಘನ. ಕಟ್ಟಿ ಮುಗಿಸುವಷ್ಟರಲ್ಲಿ ಕೊರೊನಾ ವಕ್ಕರಿಸಿತು. ತಿಂಗಳುಗಟ್ಟಲೆ ಮುಚ್ಚಿದ್ದ ಕೊಳ ಮತ್ತೆ ತೆರೆದಾಗ ಹೊಸ ಕಟ್ಟಳೆ ಬಂದಿತ್ತು. ಹಗ್ಗ ಕಟ್ಟಿದ ಆರು ಸಾಲು, ಸಾಲಿಗೊಬ್ಬರು, ಒಟ್ಟು ಆರೇ ಜನ. ಒಬ್ಬರು ಪೂರ್ತಿ ಮೇಲೆ ಹತ್ತಿ, ದೂರ ಸರಿಯುವವರೆಗೂ ಇನ್ನೊಬ್ಬರು ಆ ಸಾಲಿಗೆ ಇಳಿಯುವಂತಿಲ್ಲ. ವೀಣ ಇದನ್ನು ಮಕ್ಕಳ ತಲೆಗೆ ಎಷ್ಟು ತುಂಬಿದಳೆಂದರೆ, ಅವರು ಮನೆಯಲ್ಲಿ ಬಚ್ಚಲಿಗೂ ಹಾಗೇ ಕಾಯುತ್ತಿದ್ದರಂತೆ.

ಮೈಸೂರಿನ ಪಂದ್ಯಕ್ಕೆ ಮಂಡ್ಯದಲ್ಲಿ ಆಯ್ಕೆ ನಡೆಯಿತು. ಗುಂಪು ಸೇರಬಾರದೆಂದು ಒಂದೊಂದೇ ತಂಡವನ್ನು ಈಜಿಸಿ ಸಮಯ ಬರೆದುಕೊಳ್ಳುತ್ತಿದ್ದರು. ಯಶಸ್ವಿನಿ ಮೀನಿನಂತೆ ಬಂದು ಗೋಡೆ ಮುಟ್ಟಿದಳು. ಮುಟ್ಟಿದ ಕ್ಷಣ ಮೇಘನ ಹಾರಬೇಕು. ಅವಳು ಕಟ್ಟೆಯ ಮೇಲೆ ಕೈಕಟ್ಟಿ ನಿಂತೇ ಇದ್ದಳು.

"ಹಾರೇ," ಎಂದು ಯಶಸ್ವಿನಿ ನೀರಿನಿಂದಲೇ ಏದುಸಿರಿನಲ್ಲಿ ಹೇಳಿದಳು.

"ನೀನು ಮೇಲಕ್ ಬಾ ಮೊದ್ಲು. ರೂಲ್ಸು ಕಣೇ," ಎಂದಳು ಮೇಘನ.

ನೋಡುತ್ತಿದ್ದವರೆಲ್ಲ ಮಾಸ್ಕಿನೊಳಗೇ ನಕ್ಕರು. ತಂಡ ಹೇಗೋ ಕಟ್ಟಕಡೆಯದಾಗಿ ತೂರಿಕೊಂಡಿತು. ವೀಣಳಿಗೆ ಮಾತ್ರ ನಗು ಬರಲಿಲ್ಲ. ಕೊಳದ ಮ್ಯಾನೇಜರು ರಘುನಂದನ್ ಮೊದಲೇ ಹೇಳಿಬಿಟ್ಟಿದ್ದ: "ಬೆಳಗಿನ ಆರು ಗಂಟೆ ಹೊತ್ತು ಬೇಕೂಂತ ಬೇರೆ ಬ್ಯಾಚ್‌ನೋರು ಕಾಯ್ತಾವ್ರೆ ಮೇಡಂ. ಮೈಸೂರಲ್ಲಿ ಗೆದ್ದು ಬಂದ್ರೆ ಅದು ನಿಮ್ಮ ಹುಡ್ಗೀರ್ಗೇ. ಇಲ್ದಿದ್ರೆ ಅವ್ರಿಗೆ ಕೊಟ್ಬುಡ್ಬೇಕಾಯ್ತದೆ." ಆ ಬೆಳಗಿನ ಹೊತ್ತು ಕೈತಪ್ಪಿದರೆ ತಂಡವೂ ಹೋದಂತೆಯೇ. ಒಂದೇ ಸಾಲಿನಲ್ಲಿ ಇಬ್ಬರನ್ನು ಇಳಿಸಿ ಅಭ್ಯಾಸ ಮಾಡಿಸಲು ಕೇಳಿದರೆ ಆ ಪುಣ್ಯಾತ್ಮ ಕೈಮುಗಿದ. ಅವನ ನೌಕರಿಯ ಪ್ರಶ್ನೆ, ಅವನನ್ನು ಅಂದು ಏನು ಫಲ?

ಸುಗ್ಗಿ ಆಗಷ್ಟೇ ಮುಗಿದಿತ್ತು. ಪಾಂಡವಪುರದ ಪಕ್ಕದ ಹಳ್ಳಿಯಲ್ಲಿರುವ ಮೇಘನಳ ಮನೆಗೆ ವೀಣ ಸಮಾಧಾನ ಹೇಳಲು ಹೋದಳು. ಕಣದಲ್ಲಿ ಭತ್ತದ ಹುಲ್ಲು ಗುಡ್ಡದಷ್ಟು ಬಿದ್ದಿತ್ತು. ಪಕ್ಕದಲ್ಲಿ ಬಟ್ಟೆ ಒಗೆಯುವ ಎತ್ತರದ ಕಲ್ಲು. ಅದನ್ನು ನೋಡನೋಡುತ್ತಲೇ ಅವಳಿಗೆ ಕೊಳದ ಕಟ್ಟೆ ಕಂಡಿತು. ಆ ಕಲ್ಲಿನಿಂದ ಹುಲ್ಲಿಗೆ ಹಾರಿಸಿ ಹುಡುಗಿಯರಿಗೆ ಅಭ್ಯಾಸ ಮಾಡಿಸಬಹುದೇ ಎಂದು ಮೇಘನಳ ತಾತ ಬೋರಯ್ಯನನ್ನು ಸಂಕೋಚದಿಂದಲೇ ಕೇಳಿದಳು.

"ಹುಲ್ಲಲ್ಲೂ ಈಜ್ತಾರೇನವ್ವಾ?" ಎಂದು ಬೋರಯ್ಯ ಹುಬ್ಬೇರಿಸಿದ. "ಈಜ್ಲಿ ಬುಡಿ. ನಮ್ಮ ಹಸುಗೆ ಒಸಿ ಉಳ್ಸಿ, ಅಷ್ಟೇಯ."

ಮರುದಿನದಿಂದ ಸಂಜೆ ಸಂಜೆ ಕಣದಲ್ಲಿ ಈಜು. ಹುಲ್ಲನ್ನು ಕಲ್ಲಿನ ಮುಂದೆ ಮೊಣಕಾಲುದ್ದ ಹರಡಿದರು. ಮಾಸ್ಕು ಕಟ್ಟಿಕೊಂಡ ಹುಡುಗಿ ಹುಲ್ಲನ್ನು ತುಳಿದುಕೊಂಡು ಓಡಿಬಂದು, ಬಗ್ಗಿ ಕಲ್ಲಿಗೆ ಕೈ ಬಡಿಯಬೇಕು. ಕಲ್ಲಿನ ಮೇಲೆ ನಿಂತವಳು ಅವಳ ತಲೆಯ ಮೇಲಿಂದ ಹುಲ್ಲಿಗೆ ಧುಮುಕಬೇಕು. ಮೇಘನ ಅಲ್ಲೂ ನಿಂತೇಬಿಟ್ಟಳು.

"ಏನವ್ವ, ಬಸ್ಸಿಗೆ ಕಾಯ್ತಿದ್ದೀಯಾ?" ಎಂದು ಬೋರಯ್ಯ ಬೀಡಿ ಹಚ್ಚಿದ.

"ಮುಖ ನೋಡ್ಬೇಡಿ, ಕೈ ನೋಡಿ," ಎಂದಳು ವೀಣ. "ಕೈ ಕಲ್ಲಿಗೆ ಬಿತ್ತೋ, ಹಾರಿ. ಅವ್ಳು ಹತ್ತೋದು ಅವ್ಳ ಪಾಡು."

ಹುಡುಗಿಯರು ಮೈಯೆಲ್ಲ ತುರಿಸಿಕೊಂಡರು, ಸೀನಿದರು, ಒಬ್ಬರ ಮೇಲೊಬ್ಬರು ಬಿದ್ದು ಬೈದಾಡಿದರು. ಆಮೇಲೆ ಒಂದು ಸಂಜೆ ಕಲ್ಲಿಗೆ ಕೈ ಬಡಿದ ಸದ್ದೂ ಮೇಘನ ಹಾರಿದ್ದೂ ಒಟ್ಟೊಟ್ಟಿಗೇ ಆಯಿತು. ಬೋರಯ್ಯ ಬೀಡಿ ಬಿಸಾಕಿ ಎದ್ದು ನಿಂತ.

ಮೈಸೂರಿನ ಪಂದ್ಯಕ್ಕೆ ನೋಡುವವರನ್ನು ಬಿಡಲಿಲ್ಲ. ಖಾಲಿ ಮೆಟ್ಟಿಲುಗಳ ಕೆಳಗೆ ತರಬೇತುದಾರರಷ್ಟೇ ದೂರ ದೂರ ನಿಂತಿದ್ದರು. ಪಕ್ಕದ ಸಾಲುಗಳ ಹುಡುಗಿಯರು ಎತ್ತರದವರು, ಗಟ್ಟಿಗರು. ಮೊದಲು ಈಜಿದ ದಿವ್ಯ ಮೂರನೇ ಸ್ಥಾನದಲ್ಲಿ ಬಂದು ಗೋಡೆ ಮುಟ್ಟಿದಳು, ಚಿನ್ನು ತಟ್ಟನೆ ಹಾರಿದಳು. ಆಗ ವೀಣ ಒಂದು ವಿಚಿತ್ರ ಕಂಡಳು. ಪಕ್ಕದ ಸಾಲುಗಳಲ್ಲಿ ಗೋಡೆ ಮುಟ್ಟಿದರೂ ಕಟ್ಟೆಯ ಮೇಲಿನ ಹುಡುಗಿಯರು ಅರೆಕ್ಷಣ ತಡೆದು, ಬಗ್ಗಿ ನೋಡಿ, ಆಮೇಲೆ ಹಾರುತ್ತಿದ್ದರು. ಅವರಿಗೂ ಅದೇ ಕಟ್ಟಳೆ, ಅದೇ ರೂಢಿ! ಎಲ್ಲ ಊರುಗಳ ಮಕ್ಕಳೂ ಇಷ್ಟು ದಿನ ಕಾಯುವುದನ್ನೇ ಕಲಿತಿದ್ದರು. ಹುಲ್ಲಿಗೆ ಹಾರಿದವರು ಇವರು ಮಾತ್ರ.

ಯಶಸ್ವಿನಿ ಬಂದು ಮುಟ್ಟುವಷ್ಟರಲ್ಲಿ ತಂಡ ಎರಡನೆಯದಾಗಿತ್ತು. ಕೈ ಗೋಡೆಗೆ ಬಿತ್ತು; ಮೇಘನ ಆಗಲೇ ಅವಳ ತಲೆಯ ಮೇಲಿದ್ದಳು. ಮುಂದಿದ್ದ ತಂಡದವಳು ಬಗ್ಗಿ ನೋಡಿದ ಆ ಒಂದು ಅರೆಕ್ಷಣವೇ ಸಾಕಾಯಿತು. ಮೇಘನ ಅದನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ, ಒಂದು ಗೇಣು ಮುಂದಾಗಿ ಗೋಡೆ ಬಡಿದಳು. ವೀಣ ಕೂಗಿದ ಕೂಗಿಗೆ ಮಾಸ್ಕು ಗದ್ದಕ್ಕೆ ಜಾರಿತು. ಮೇಲೇರಿಸಿಕೊಂಡು, ಅದರೊಳಗೇ ಅತ್ತಳು. ಇಷ್ಟು ವರ್ಷ ಕಾದದ್ದು ದಕ್ಕಿತ್ತು.

ವಾಪಸು ಬರುವ ದಾರಿಯಲ್ಲಿ ಹುಡುಗಿಯರು ಗಂಜಾಂನ ನಿಮಿಷಾಂಬೆಗೆ ಕೈಮುಗಿದು, ವೀಣಳ ಅಪ್ಪ ಆಚಾರಿಯ ಅಂಗಡಿಗೆ ನುಗ್ಗಿದರು. ಆಚಾರಿ ಮೇಘನಳ ಪದಕವನ್ನು ಕೈಗೆತ್ತಿಕೊಂಡು, ಅಭ್ಯಾಸಬಲದಿಂದ ಒರೆಗಲ್ಲಿಗೆ ಉಜ್ಜಿಯೇಬಿಟ್ಟರು.

"ಹಿತ್ತಾಳೆ ಕಣವ್ವ," ಎಂದರು.

ಹುಡುಗಿಯರ ಮುಖ ಬಾಡಿತು. ಆಚಾರಿ ಪದಕವನ್ನು ಬಟ್ಟೆಯಲ್ಲಿ ಒರೆಸಿದರು, ಮತ್ತೆ ಒರೆಸಿದರು, ಕೊಡಲಿಲ್ಲ. ಕಣ್ಣೆತ್ತದೆ ಮಗಳನ್ನು ಕೇಳಿದರು: "ನೀನು ಈಜೋದ ನಾನು ಒಂದ್ ಸಲಾನೂ ನೋಡ್ನಿಲ್ಲ, ಅಲ್ವಾ?"

"ಇಲ್ಲ ಅಪ್ಪ."

"ನಾಳಿಕ್ ಎಷ್ಟೊತ್ಗೆ?"

"ಆರು ಗಂಟೆಗೆ. ಹೊತ್ತು ನಮ್ದೇ ಆಯ್ತು. ಆದ್ರೆ ಒಳಕ್ಕೆ ಬಿಡಲ್ಲಪ್ಪ, ಜನ ಜಾಸ್ತಿ ಆಗ್ಬಾರ್ದು."

"ಆಚೆಗೇ ನಿಂತ್ಕತೀನಿ ಬುಡು."

ಮರುದಿನ ಬೆಳಿಗ್ಗೆ ಮಕ್ಕಳಿಗೆ ತೋರಿಸಿಕೊಡಲು ವೀಣ ತಾನೇ ನೀರಿಗಿಳಿದಳು. ಇನ್ನೊಂದು ತುದಿ ಮುಟ್ಟಿ ತಲೆ ಎತ್ತಿದರೆ, ತಂತಿಬೇಲಿಯ ಆಚೆ ಬಿಳಿ ಪಂಚೆ, ನೀಲಿ ಮಾಸ್ಕು. ಅಪ್ಪ ಎರಡೂ ಕೈಯಲ್ಲಿ ಬೇಲಿ ಹಿಡಿದು ನಿಂತಿದ್ದರು. ಅವಳು ಇನ್ನೊಂದು ಸುತ್ತು ಹೊರಟಳು.